ದೊಡ್ಡ ಗಾಡಿ ಮಾರಿದ ಕಾರಣ

ದೊಡ್ಡ ಗಾಡಿಯನ್ನು ಮಾರಿ ಸಣ್ಣದು ಕೊಂಡದ್ದೇಕೆ ಎಂದು ಕೇಳಿದವರಿಗೆಲ್ಲ ನನ್ನ ಗಂಡ ಒಂದೇ ಉತ್ತರ ಕೊಡುತ್ತಿದ್ದರು. "ನಮ್ಮ ಕೊಡಗಿನ ರಸ್ತೆಗೆ ಅದು ಆಗಲ್ಲ ಕಣ್ರೀ. ಎದುರಿಗೊಂದು ಜೀಪ್ ಬಂದ್ರೆ ಅರ್ಧ ಫರ್ಲಾಂಗ್ ರಿವರ್ಸ್ ಹೋಗ್ಬೇಕು." ಕೇಳಿದವರು ತಲೆಯಾಡಿಸುತ್ತಿದ್ದರು. ಪಕ್ಕದಲ್ಲಿ ನಿಂತ ನಾನೂ ಹೌದೆನ್ನುತ್ತಿದ್ದೆ. ಅದು ಸುಳ್ಳೇನಲ್ಲ. ಆದರೆ ಮಾರೋಣ ಎಂದವಳು ನಾನು. ಹಾಗೆ ಹೇಳುವಾಗ ನನ್ನ ತಲೆಯಲ್ಲಿ ರಿವರ್ಸ್ ಗೇರು ಇರಲಿಲ್ಲ.

ನಮ್ಮವರು ಕುಶಾಲನಗರದಲ್ಲಿ ಮೂವತ್ತು ವರ್ಷ ಲಾರಿ, ಬಸ್ಸುಗಳ ಗ್ಯಾರೇಜು ನಡೆಸಿದವರು. ನಾನು ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೆ. ಮಕ್ಕಳಿಲ್ಲ. ನಾನು ನಿವೃತ್ತಳಾದ ವರ್ಷ ಅವರೂ ಗ್ಯಾರೇಜಿನ ಕೆಲಸ ನಿಲ್ಲಿಸಿ, ಗುಜರಿಗೆ ಹೊರಟಿದ್ದ ಒಂದು ಟೂರಿಸ್ಟ್ ಮಿನಿಬಸ್ಸನ್ನು ತಂದು ಶೆಡ್ಡಿನಲ್ಲಿ ನಿಲ್ಲಿಸಿದರು. ಸೀಟುಗಳನ್ನು ಕಿತ್ತು ಹಾಕಿದರು. ಒಂದು ವರ್ಷ ಅದರೊಳಗೇ ಇದ್ದರೆಂದರೂ ಸರಿ. ಎರಡು ಮಂಚ, ಅಡುಗೆ ಕಟ್ಟೆ, ಪುಟ್ಟ ಫ್ರಿಜ್ಜು, ಕಕ್ಕಸು, ನೀರಿನ ಟ್ಯಾಂಕು, ಲಿಂಗಪೂಜೆಗೆ ಒಂದು ಗೂಡು, ನಾಲ್ವರು ಕೂತು ಉಣ್ಣುವಂಥ ಮೇಜು. "ಇಬ್ಬರಿಗೆ ಇಷ್ಟು ದೊಡ್ಡ ಮೇಜು ಯಾಕ್ರೀ?" ಎಂದರೆ "ದಾರೀಲಿ ಯಾರಾದ್ರೂ ಸಿಗ್ತಾರೆ, ಇರ್ಲಿ" ಎಂದಿದ್ದರು. ನೆಲಕ್ಕೆ ಮರದ ಹಲಗೆಯಂತೆ ಕಾಣುವ ಹಾಸು ಹಾಕಿಸಿದ್ದು ನನ್ನ ಹಟ. ದಿನಕ್ಕೆ ಎರಡು ಸಲ ಒರೆಸುತ್ತಿದ್ದೆ. ಬೇರೆಯವರು ಅದನ್ನು ಮೋಟಾರ್‌ಹೋಮ್ ಎನ್ನುತ್ತಿದ್ದರು. ನಮಗದು ಬಸ್ಸು.

ಬಸ್ಸಿನಲ್ಲಿ ನಾವು ಎರಡು ವರ್ಷ ಸುತ್ತಿದೆವು. ಆ ದಿನಗಳು ಚೆನ್ನಾಗಿದ್ದವು.

ಮೂರನೆಯ ವರ್ಷದ ಮಳೆಗಾಲದಲ್ಲಿ ಮಡಿಕೇರಿಯಲ್ಲಿದ್ದ ನನ್ನ ತಂಗಿಯ ಮನೆಗೆ ಹೋದವರು ಮಳೆಗೆ ಅಲ್ಲೇ ಸಿಕ್ಕಿಕೊಂಡೆವು. ನಾಲ್ಕು ದಿನ ಕಾದು, ಐದನೆಯ ಬೆಳಿಗ್ಗೆ ಮಳೆ ತುಸು ಕಡಿಮೆಯಾದಾಗ ಹೊರಟೆವು. ದೊಡ್ಡ ರಸ್ತೆಯಲ್ಲಿ ಮರ ಬಿದ್ದಿದೆ ಎಂದು ಪೊಲೀಸರು ನಮ್ಮನ್ನು ಸುಂಟಿಕೊಪ್ಪದ ಕಡೆಗೆ ಇಳಿಯುವ ಒಂದು ತೋಟದ ರಸ್ತೆಗೆ ತಿರುಗಿಸಿದರು. ಎರಡೂ ಬದಿ ಕಾಫಿ. ಎಡಕ್ಕೆ ಇಳಿಜಾರು, ಬಲಕ್ಕೆ ಗುಡ್ಡ ಕಡಿದ ಬರೆ. ರಸ್ತೆಯ ಮೇಲೆಯೇ ಕೆಂಪು ನೀರು ಹರಿಯುತ್ತಿತ್ತು. ಹಿಂದೆ ಮುಂದೆ ಬೇರೆ ಗಾಡಿ ಇರಲಿಲ್ಲ.

ಒಂದು ತಿರುವಿನಲ್ಲಿ ಹಳದಿ ಗೋಡೆಯ ಬಸ್ ತಂಗುದಾಣವಿತ್ತು. ಅದನ್ನು ದಾಟಿದೊಡನೆ, ರಸ್ತೆಯ ಎಡ ಅಂಚಿನಲ್ಲಿ ಒಬ್ಬ ನಿಂತಿದ್ದ. ನೀಲಿ ಪ್ಲಾಸ್ಟಿಕ್ಕನ್ನು ಕೊಪ್ಪೆ ಮಾಡಿ ತಲೆಯಿಂದ ಮೊಣಕಾಲಿನವರೆಗೆ ಹೊದ್ದಿದ್ದ. ಕಾಲಿಗೆ ಚಪ್ಪಲಿಯಿರಲಿಲ್ಲ. ನಮ್ಮನ್ನು ಕಂಡು ಕೈ ಅಡ್ಡ ಹಿಡಿದ.

ನಮ್ಮವರು ಬ್ರೇಕ್ ಒತ್ತಿದರು. ಗಾಡಿ ನಿಧಾನವಾಯಿತು.

"ಬೇಡ ರೀ, ಹೋಗಿ" ಎಂದೆ.

"ಮಳೇಲಿ ನಿಂತವ್ನೆ ಕಣೆ."

"ಯಾರೋ ಏನೋ. ಮೈಯೆಲ್ಲ ಕೆಸರು. ಈಗಷ್ಟೇ ನೆಲ ಒರೆಸಿದ್ದೀನಿ. ಹೋಗಿ ಅಂದ್ನಲ್ಲ."

ಈ ಮಾತನ್ನು ನಾನು ಇವತ್ತಿಗೂ ಒಂದಕ್ಷರ ಬದಲಿಸದೆ ಹೇಳಬಲ್ಲೆ. ಹೆದರಿಕೆಯಿಂದ ಹೇಳಿದೆ ಎಂದುಕೊಳ್ಳಲು ಆಮೇಲೆ ಬಹಳ ಪ್ರಯತ್ನಪಟ್ಟಿದ್ದೇನೆ. ಹೆದರಿಕೆ ಇರಲಿಲ್ಲ. ನೆಲದ ಯೋಚನೆಯೇ ಇದ್ದದ್ದು.

ಅವರು ಮತ್ತೆ ಆಕ್ಸಿಲರೇಟರ್ ಒತ್ತಿದರು. ಅವನು ಕಿಟಕಿಯ ಹತ್ತಿರವೇ ಹಾದುಹೋದ. ಬಾಯಿ ತೆರೆದು ಏನೋ ಕೂಗುತ್ತಿದ್ದ, ಗಾಜು ಹಾಕಿದ್ದರಿಂದ ಕೇಳಲಿಲ್ಲ. ಆಮೇಲೆ ಬಸ್ಸಿನ ಎಡಮೈಗೆ ಅಂಗೈಯಿಂದ ತಟ್ಟಿದ್ದು ಕೇಳಿತು. ಧಪ್, ಧಪ್. ಎರಡು ಸಲ. ನಾನು ಹಿಂದಿರುಗಿ ನೋಡಲಿಲ್ಲ.

ಮನೆ ತಲುಪಿದ ಮೇಲೆ ನಮ್ಮವರು ಸ್ನಾನಕ್ಕೆ ಹೋದರು. ನಾನು ಬಸ್ಸಿನಿಂದ ಸಾಮಾನು ಇಳಿಸುತ್ತಿದ್ದೆ. ಎಡಬದಿಯಲ್ಲಿ, ಕಿಟಕಿಯ ಕೆಳಗೆ, ಕೆಂಪು ಮಣ್ಣಿನಲ್ಲಿ ಒಂದು ಅಂಗೈ ಮೂಡಿತ್ತು. ಐದೂ ಬೆರಳು ಸ್ಪಷ್ಟ. ಅದರ ಹಿಂದೆ ಬಿದ್ದ ಇನ್ನೊಂದು ಅಚ್ಚು ಜಾರಿ ಉದ್ದಕ್ಕೆ ಎಳೆದುಕೊಂಡಿತ್ತು. ಬಟ್ಟೆ ಒದ್ದೆ ಮಾಡಿ ತಂದು ಎರಡನ್ನೂ ಒರೆಸಿಬಿಟ್ಟೆ.

ಮಧ್ಯಾಹ್ನ ಊಟ ಮಾಡುತ್ತಿದ್ದಾಗ ಪಕ್ಕದ ಮನೆಯವರು ಬಂದು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ಬರೆ ಜರಿದು, ರಸ್ತೆ, ಕಾಫಿ, ಮರ ಎಲ್ಲ ಒಟ್ಟಿಗೆ ಕೆಳಗಿನ ಕಣಿವೆಗೆ ಹೋಗಿತ್ತು. ಉಳಿದ ರಸ್ತೆಯ ತುದಿಯಲ್ಲಿ ಹಳದಿ ಗೋಡೆಯೊಂದು ನಿಂತಿತ್ತು. "ನೀವು ಅದೇ ದಾರೀಲಿ ಬಂದಿದ್ದಲ್ವಾ? ಪುಣ್ಯ ಮಾಡಿದ್ರಿ" ಎಂದರು ಅವರು. ನಮ್ಮವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಅವನ ಬಗ್ಗೆ ನಾವಿಬ್ಬರೂ ಅವತ್ತು ಮಾತಾಡಲಿಲ್ಲ. ಮರುದಿನವೂ ಇಲ್ಲ. ಪತ್ರಿಕೆ ತಂದು ಒಬ್ಬರಿಗೆ ಕಾಣದಂತೆ ಒಬ್ಬರು ಓದುತ್ತಿದ್ದೆವು. ಆ ತಿರುವಿನಲ್ಲಿ ಯಾರಾದರೂ ಸತ್ತರೆಂದು ಎಲ್ಲೂ ಬಂದಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಮತ್ತೆ ಹೊರಟೆವು. ಮೊದಲ ದಿನವೇ ನನಗೆ ಆ ಸದ್ದು ಕೇಳಿಸಿತು. ಗೋಣಿಕೊಪ್ಪದ ಹತ್ತಿರ ಒಂದು ತಿರುವಿನಲ್ಲಿ ಗಾಡಿ ನಿಧಾನವಾದಾಗ, ಎಡಬದಿಯಲ್ಲಿ ಧಪ್, ಧಪ್. ಬೆಳಗಿನ ಹತ್ತು ಗಂಟೆ, ಒಳ್ಳೆ ಬಿಸಿಲು. ಕಿಟಕಿ ತೆಗೆದು ನೋಡಿದರೆ ಯಾರೂ ಇಲ್ಲ. ಪಾತ್ರೆ ಇರಬೇಕು ಎಂದು ಪಾತ್ರೆಗಳ ನಡುವೆ ಬಟ್ಟೆ ತುರುಕಿದೆ. ಮಾರನೆಯ ದಿನ ಮತ್ತೆ. ತಿರುವು ಬಂದು ಗಾಡಿ ನಿಧಾನವಾಗುವಾಗಲೇ ಕಿವಿಗೊಡುತ್ತಿದ್ದೆ. ನಮ್ಮವರ ಮುಖ ನೋಡುತ್ತಿದ್ದೆ. ಅವರು ರಸ್ತೆ ನೋಡುತ್ತಿದ್ದರು.

ಅದಕ್ಕಿಂತ ಕಷ್ಟವಾದದ್ದು ಗಾಡಿಯೊಳಗಿನ ಜಾಗ. ಮೇಜಿನ ಆಚೆ ಬದಿಯ ಖಾಲಿ ಬೆಂಚು, ಮಂಚಗಳ ನಡುವೆ ಬಿಟ್ಟ ಓಣಿ, ಬಾಗಿಲ ಬಳಿ ಮೆಟ್ಟಿಲಿನ ಮೇಲಿನ ಚೌಕ. ಎಲ್ಲಿ ನೋಡಿದರೂ ಅಲ್ಲಿ ಒಬ್ಬ ಕೂರಬಹುದಿತ್ತು. ಅವನ ಪ್ಲಾಸ್ಟಿಕ್ಕಿನಿಂದ ನೀರು ಸೋರಿ ನೆಲದ ಮೇಲೆ ಹರಡುವುದು ಕಾಣುತ್ತಿತ್ತು. ನಾನು ನೆಲ ಒರೆಸುವುದನ್ನು ಬಿಟ್ಟುಬಿಟ್ಟೆ. ನಮ್ಮವರು ಅದನ್ನು ಗಮನಿಸಿದರು, ಕೇಳಲಿಲ್ಲ.

ಒಂದು ಸಂಜೆ ಕುಟ್ಟದ ಹತ್ತಿರ ಕಾಫಿ ತೋಟದ ಬದಿಯಲ್ಲಿ ನಿಲ್ಲಿಸಿದ್ದಾಗ, "ಇದನ್ನ ಮಾರೋಣ. ನಮ್ಮಿಬ್ರಿಗೆ ಮಾತ್ರ ಆಗೋ ಅಂಥದ್ದು ಒಂದು ಸಣ್ಣದು ಸಾಕು" ಎಂದೆ. ಒಂದು ವರ್ಷ ಕೈಯಾರೆ ಕಟ್ಟಿದ ಗಾಡಿ ಅದು. ಜಗಳವಾಗಬಹುದೆಂದು ಕಾದೆ. ಅವರು ಟೀ ಲೋಟ ಕೆಳಗಿಟ್ಟು, "ಸರಿ" ಎಂದರು. ಅಷ್ಟೇ.

ಕೊಳ್ಳಲು ಬಂದವರು ಗೋಣಿಕೊಪ್ಪದವರು. ತೋಟದಲ್ಲಿ ಖಾಯಂ ನಿಲ್ಲಿಸಿ ಅತಿಥಿಗಳಿಗೆ ಕೋಣೆ ಮಾಡುತ್ತಾರಂತೆ. ಒಳಗೆ ಹತ್ತಿ ಓಡಾಡಿ, "ಅಬ್ಬಾ, ಇಷ್ಟು ಜಾಗ ಉಂಟಲ್ಲ ಅಮ್ಮ! ಆರೇಳು ಜನ ಆರಾಮಾಗಿ ಹೋಗ್ಬೋದಿತ್ತು" ಎಂದರು. ನಾನು ನೀರು ತರುತ್ತೇನೆಂದು ಮನೆಯೊಳಗೆ ಹೋದವಳು, ಗಾಡಿ ಗೇಟು ದಾಟುವವರೆಗೆ ಹೊರಗೆ ಬರಲಿಲ್ಲ.

ಕ್ಯಾಂಪರ್ ವ್ಯಾನು ಬಂತು. ಮುಂದೆ ಎರಡು ಸೀಟು. ಹಿಂದೆ ಮಡಚುವ ಹಲಗೆ, ಬಿಚ್ಚಿದರೆ ಮಂಚ. ಡಿಕ್ಕಿಯಲ್ಲಿ ಒಂದು ಒಲೆ, ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಒಬ್ಬರು ಬಟ್ಟೆ ಬದಲಿಸಬೇಕಾದರೆ ಇನ್ನೊಬ್ಬರು ಇಳಿದು ನಿಲ್ಲಬೇಕು. ಎರಡು ತಟ್ಟೆ, ಎರಡು ಲೋಟ, ಒಂದೇ ಬಾಣಲೆ. ಮೊದಲ ವಾರ ನಮ್ಮವರ ತಲೆ ಚಾವಣಿಗೆ ಎಷ್ಟು ಸಲ ಬಡಿಯಿತೋ ಲೆಕ್ಕವಿಲ್ಲ. ನಾನು ನಕ್ಕೆ, ಬಹಳ ತಿಂಗಳ ಮೇಲೆ. ಇಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ, ಯಾರಾದರೂ ಕೈ ಅಡ್ಡ ಹಿಡಿದರೆ ಜಾಗವಿಲ್ಲ ಎಂದು ನಿಜವನ್ನೇ ಹೇಳಬಹುದು ಎಂದುಕೊಂಡಿದ್ದೆ. ಸದ್ದೂ ನಿಂತಿತ್ತು.

ಹಾರಂಗಿಯ ಹಿನ್ನೀರಿನ ಬಳಿ ವ್ಯಾನು ನಿಲ್ಲಿಸಿ ಉಪ್ಪಿಟ್ಟು ಮಾಡಿದ ದಿನ ಅದು. ಇಬ್ಬರೂ ಡಿಕ್ಕಿಯ ಅಂಚಿನಲ್ಲಿ ಮೈಗೆ ಮೈ ತಾಗಿಸಿ ಕೂತಿದ್ದೆವು, ಕೂರಲು ಬೇರೆ ಜಾಗವಿರಲಿಲ್ಲವಲ್ಲ. ನಮ್ಮವರು ನೀರನ್ನೇ ನೋಡುತ್ತಾ ಹೇಳಿದರು.

"ಅವತ್ತು ಅವನು ಎರಡು ಸಲ ತಟ್ದ. ನಿಂಗೂ ಕೇಳ್ತಾ?"

ಚಮಚ ತಟ್ಟೆಯಲ್ಲಿಟ್ಟೆ. "ಕೇಳ್ತು."

"ಆಮೇಲೂ?"

"ಹೂಂ. ನಿಮಗೂ?"

"ಪ್ರತಿ ತಿರುವಲ್ಲೂ. ನಿಂಗೆ ಗೊತ್ತಾದ್ರೆ ಹೆದರ್ತೀಯ ಅಂತ ಹೇಳ್ಲಿಲ್ಲ." ತಟ್ಟೆ ಪಕ್ಕಕ್ಕಿಟ್ಟರು. "ನೀನು ಕೈಯಚ್ಚು ಒರೆಸ್ತಿದ್ದಿದ್ದನ್ನ ಬಚ್ಚಲ ಕಿಟಕಿಯಿಂದ ನೋಡ್ದೆ."

ನನ್ನ ಕಣ್ಣು ತುಂಬಿತು. "ನಾನು ಬೇಡ ಅನ್ನದಿದ್ರೆ ನೀವು ನಿಲ್ಲಿಸ್ತಿದ್ರಿ."

"ನಿಲ್ಲಿಸ್ಬೋದಿತ್ತು. ನೀನಂದ ಮಾತಿಗೆ ಬ್ರೇಕು ಕಿತ್ತು ಹೋಗಿತ್ತಾ? ಕಾಲು ನಂದೇ." ಆಮೇಲೆ ಬೇರೆಯೇ ದನಿಯಲ್ಲಿ ಹೇಳಿದರು, "ಒಂದು ವಿಷಯ ಮಾತ್ರ ನಂಗೆ ಬಗೆಹರೀತಿಲ್ಲ. ಬಸ್ ಲೈನಲ್ಲಿ ಗಾಡಿ ಮೈಗೆ ಒಂದು ಸಲ ತಟ್ಟಿದ್ರೆ ನಿಲ್ಸು ಅಂತ. ಎರಡು ಸಲ ತಟ್ಟಿದ್ರೆ ಹೋಗು ಅಂತ. ಎಲ್ರಿಗೂ ಗೊತ್ತು. ಕೈ ಅಡ್ಡ ಹಿಡಿದವನು ಹೋಗು ಅಂತ ಯಾಕೆ ತಟ್ಟಿದ?"

ಅದನ್ನು ಕೇಳಲೆಂದೇ ಮಾರನೆಯ ಬೆಳಿಗ್ಗೆ ಆ ರಸ್ತೆಗೆ ಹೋದೆವು. ಜರಿದ ಕಡೆ ಕಲ್ಲು ತುಂಬಿದ ತಂತಿಬಲೆಗಳನ್ನು ಒಂದರ ಮೇಲೊಂದು ಪೇರಿಸಿ ಹೊಸ ರಸ್ತೆ ಮಾಡಿದ್ದರು. ಬರೆಯ ಮೇಲೆ ಹುಲ್ಲು ಬಂದಿತ್ತು. ನಮ್ಮವರು ಅಲ್ಲಿ ನಿಲ್ಲಿಸದೆ, ಕೆಳಗೆ ತೋಟದ ಲೈನುಗಳಿದ್ದ ಕಡೆ, ಕೆಲಸದವರ ಸಾಲುಮನೆಗಳ ಮುಂದೆ ನಿಲ್ಲಿಸಿದರು. ಮೊದಲನೆಯ ಮನೆಯ ಜಗಲಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಮೆಣಸು ಬಿಡಿಸುತ್ತಿದ್ದಳು. ಹೇಗೆ ಕೇಳುವುದೆಂದು ತಿಳಿಯದೆ, ಮಳೆಯ ದಿನ ಅಲ್ಲಿ ನಿಂತಿದ್ದವರು ಯಾರು ಎಂದಷ್ಟೇ ಕೇಳಿದೆ.

"ಮೂರು ಜನ ನಿಂತಿದ್ದು ಅಮ್ಮ. ಬೆಳ್ಗಾಗೋದ್ರೊಳ್ಗೆ ರೋಡು ಬಿರುಕು ಬಿಟ್ಟಿತ್ತಲ್ಲ. ಗಾಡಿ ಬರೋರಿಗೆ ಹೇಳೋಣ ಅಂತ" ಎಂದು, ಒಳಗಿದ್ದ ಅಳಿಯನನ್ನು ಕೂಗಿದಳು. ನಲವತ್ತರ ಹತ್ತಿರದ ಅವನು ಬಂದು ಕಂಬಕ್ಕೆ ಒರಗಿ ನಿಂತ. ಮೂವರಲ್ಲಿ ಅವನೂ ಒಬ್ಬ.

"ನಾವಿಬ್ರು ಕೆಳಗೆ ಇದ್ದಿದ್ದು ಸಾರ್. ಮೇಲೆ ಬಸ್‌ಸ್ಟ್ಯಾಂಡ್ ಹತ್ರ ಇನ್ನೊಬ್ಬ. ಅವನು ಇಲ್ಲಿಯವನಲ್ಲ, ಕಾಫಿ ಪಿಕಿಂಗಿಗೆ ಬಂದು ಇಲ್ಲೇ ಉಳ್ಕೊಂಡಿದ್ದ. ಕನ್ನಡ ಅಷ್ಟು ಬರ್ತಿರ್ಲಿಲ್ಲ."

"ಗಾಡಿ ನಿಲ್ಲಿಸದವರಿಗೆ?" ನಮ್ಮವರು ಕೇಳಿದರು.

"ಬಿರುಕು ಇದ್ದಲ್ಲಿಗೆ ಬಂದೇಬಿಟ್ರೆ ನಿಲ್ಸೋಕೆ ಬಿಡ್ತಿರ್ಲಿಲ್ಲ ಸಾರ್. ಭಾರದ ಗಾಡಿ ಅಲ್ಲಿ ನಿಂತ್ರೆ ಮುಗೀತು. ಗಾಡಿ ಮೈಗೆ ತಟ್ಟಿ, ಹೋಗಿ ಹೋಗಿ ಅಂತ ಓಡಿಸ್ತಿದ್ವಿ."

ನಮ್ಮವರು ಜಗಲಿಯ ಮೇಲೆ ಕೂತುಬಿಟ್ಟರು. ಅವನು ನಮ್ಮ ಬಸ್ಸು ಹತ್ತಲು ಕೈ ಅಡ್ಡ ಹಿಡಿದಿರಲಿಲ್ಲ. ತಟ್ಟಿದ್ದು ಶಾಪವೂ ಆಗಿರಲಿಲ್ಲ. ಇದನ್ನು ಕೇಳಿದರೆ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಅವನು ಏನು ಕೇಳಿದನೆಂದು ತಿಳಿಯದೆಯೇ ಇಲ್ಲ ಎಂದವಳು ನಾನು.

"ಅವನು ಈಗ ಎಲ್ಲಿದ್ದಾನೆ?" ಎಂದು ಕೇಳಿದೆ.

"ಹೋದ್ನಲ್ಲ ಊರಿಗೆ" ಎಂದಳು ಹೆಂಗಸು. "ಅವತ್ತು ಸಂಜೆ ಬಂದ, ಟೀ ಕೊಟ್ಟೆ. ಬಸ್ಸು ಮತ್ತೆ ಶುರುವಾದ್ಮೇಲೆ ಹೋದ."

ಅಳಿಯ ಅವಳ ಕಡೆ ನೋಡಿದ. "ಅತ್ತೆ, ಸಂಜೆ ಬಂದಿದ್ದು ಅವನಲ್ಲ. ಅವನ ಜೊತೆಯವನು. ಇವನನ್ನ ಹುಡುಕ್ಕೊಂಡೇ ಬಂದಿದ್ದ."

"ಇವನೇ ಕಣೋ. ನೀಲಿ ಪ್ಲಾಸ್ಟಿಕ್ಕು ಹೊದ್ದಿದ್ದ."

"ಎಲ್ರೂ ನೀಲೀನೇ ಹೊದ್ದಿದ್ರು."

ಅವರಿಬ್ಬರೂ ಇದನ್ನು ಮೊದಲೂ ಎಷ್ಟೋ ಸಲ ಆಡಿದ್ದಾರೆಂದು ಆ ದನಿಯಲ್ಲೇ ತಿಳಿಯುತ್ತಿತ್ತು. ಮಣ್ಣು ಜರಿದಾಗ ಅವನು ಮೇಲಿದ್ದನೋ, ಆಚೆ ಬದಿಗೆ ದಾಟಿದ್ದನೋ ಯಾರೂ ಕಂಡಿಲ್ಲ. ಕೆಲಸಕ್ಕೆ ಬರಲಿಲ್ಲವಾದ್ದರಿಂದ ಬಿಟ್ಟು ಹೋದ ಎಂದುಕೊಂಡರು. ಊರು ಯಾವುದು ಎಂದರೆ, ದೂರ, ಎರಡು ದಿನ ರೈಲು ಎಂದರು. ಫೋನ್ ನಂಬರು ಯಾರ ಬಳಿಯೂ ಇರಲಿಲ್ಲ. ಅವತ್ತು ಅವನು ನಮ್ಮ ಬಸ್ಸಿಗೆ ಕಿಟಕಿಯ ಬಳಿಯೇ ತಟ್ಟಿದ್ದನ್ನು ಹೇಳಿ, ಮುಖ ಹೇಗಿತ್ತು ಎಂದು ಕೇಳಿದಾಗ ಅಳಿಯ ನನ್ನನ್ನೇ ಕೇಳಿದ, "ನೀವು ನೋಡಿಲ್ವಾ ಅಮ್ಮ? ನಿಮ್ಮ ಕಿಟಕಿ ಪಕ್ಕನೇ ಇದ್ನಲ್ಲ?"

ನೋಡಿದ್ದೆ. ನೆನಪಿರುವುದು ಅಡ್ಡ ಹಿಡಿದ ಕೈ, ಬರಿಗಾಲು, ತೆರೆದ ಬಾಯಿ. ಎಷ್ಟು ಕಣ್ಣು ಮುಚ್ಚಿ ಕೂತರೂ ಮುಖ ಬರುವುದಿಲ್ಲ.

ಹೊರಡುವಾಗ ಹೆಂಗಸು ಸುಂಟಿಕೊಪ್ಪದವರೆಗೆ ಬರಬಹುದೇ ಎಂದಳು. ನಾನು ಹಿಂದೆ ಹಲಗೆಯ ಮೇಲೆ ನೀರಿನ ಕ್ಯಾನಿಗೆ ಒರಗಿ ಕೂತು ಅವಳನ್ನು ಮುಂದಿನ ಸೀಟಿಗೆ ಹತ್ತಿಸಿದೆ. ಅರ್ಧ ದಾರಿಗೆ ಅವಳಿಗೆ ತಲೆ ಸುತ್ತಿ, "ನಿಮ್ಮ ಈ ಡಬ್ಬಿಗಿಂತ ನಡೆಯೋದೇ ವಾಸಿ" ಎಂದು ಇಳಿದುಬಿಟ್ಟಳು.

ಅದಾದ ಮೇಲೂ ನಾವು ಎರಡು ಸಲ ಆ ಲೈನಿಗೆ ಹೋಗಿದ್ದೇವೆ. ಹೋದ ತಿಂಗಳು ಹೋದಾಗ ಮಳೆ ಶುರುವಾಗಿತ್ತು. ಹೊಸಬರು ಕೆಲಸಕ್ಕೆ ಬಂದಿದ್ದರು, ಅವರಲ್ಲಿ ಅವನ ಕಡೆಯವರು ಯಾರೂ ಇರಲಿಲ್ಲ. ಹೆಂಗಸು ನಮಗೆ ಅನ್ನ, ಎಳೆಬಿದಿರಿನ ಕಣಿಲೆ ಸಾರು ಬಡಿಸಿದಳು. ಉಂಡು ಕೈತೊಳೆದು ಬಂದಾಗ ನಮ್ಮವರು ವ್ಯಾನಿನ ಎಡಬದಿಯಲ್ಲಿ ನಿಂತು ಬಾಗಿಲಿನ ಹಿಡಿಕೆ ಸರಿಮಾಡುತ್ತಿದ್ದರು. ಆ ಸದ್ದು ಈಚೆಗೆ ಮತ್ತೆ ಕೇಳಿಸುತ್ತಿದೆಯೇ ಎಂದು ಕೇಳಬೇಕೆನಿಸಿತು. ಕೇಳಿದೆ.

"ಆಗಾಗ" ಎಂದರು. "ನಿಂಗೆ?"

"ನಂಗೂ" ಎಂದೆ. ಇಬ್ಬರೂ ಹತ್ತಿ ಕೂತು, ಮಳೆ ಜೋರಾಗುವ ಮೊದಲು ಕುಶಾಲನಗರದ ಕಡೆ ಹೊರಟೆವು.