ಎರಡು ಅರ್ಜಿ, ಒಬ್ಬಳೇ ಹುಡುಗಿ

ಮೂಡುಬಿದಿರೆಯಲ್ಲಿ ಪಿ.ಯು.ಸಿ. ಪಾಸಾದ ಆ ಬೇಸಿಗೆಯಲ್ಲಿ ನನ್ನ ಕಾಲು ನೆಲದ ಮೇಲೆ ನಿಂತದ್ದೇ ಇಲ್ಲ. ಬೆಳುವಾಯಿಯ ನಮ್ಮ ಮನೆಯಿಂದ ಬಿ.ಎ. ಓದಲು ಮಂಗಳೂರಿಗೆ ಹೊರಟ ಮೊದಲ ಹುಡುಗಿ ನಾನು. ಅರವತ್ತರ ದಶಕದ ಕೊನೆಯ ವರ್ಷಗಳವು. ಹುಡುಗಿಯೊಬ್ಬಳು ಎಸ್ಸೆಸ್ಸೆಲ್ಸಿ ಮುಗಿಸಿದರೇ ಊರಲ್ಲಿ ಸುದ್ದಿಯಾಗುತ್ತಿತ್ತು. ನಾವು ಜೈನರು, ರಾತ್ರಿ ಉಣ್ಣುವವರಲ್ಲ. ಹಾಸ್ಟೆಲಿನಲ್ಲಿ ಹೊತ್ತು ಮುಳುಗುವ ಮೊದಲು ಊಟ ಕೊಡುತ್ತಾರೋ ಇಲ್ಲವೋ ಎಂಬುದೊಂದೇ ಅಮ್ಮನ ಚಿಂತೆ. ನನ್ನ ಚಿಂತೆ ಬೇರೆ ಇತ್ತು. ಮೇಜರ್ ವಿಷಯ ಯಾವುದು, ಎಕನಾಮಿಕ್ಸೋ ಸೈಕಾಲಜಿಯೋ?

ನಮ್ಮದು ಅಳಿಯಸಂತಾನದ ಮನೆ. ಮಕ್ಕಳು ತಾಯಿಯ ಮನೆಗೆ ಸೇರಿದವರು. ಮನೆಯ ಯಜಮಾನ ತಾಯಿಯ ಅಣ್ಣ, ಎಂದರೆ ನನ್ನ ಸೋದರಮಾವ. ಅಪ್ಪ ಅಳದಂಗಡಿಯಲ್ಲಿ ಶಾಲಾ ಮಾಸ್ತರರು, ಅಲ್ಲೇ ಅವರ ತಾಯಿಯ ಮನೆಯಲ್ಲಿದ್ದು ಶನಿವಾರ ಮಾತ್ರ ನಮ್ಮಲ್ಲಿಗೆ ಬರುತ್ತಿದ್ದರು. ಬಂದರೂ ನೆಂಟರ ಹಾಗೆ ಮನೆಯ ಮುಂದಿನ ಚಾವಡಿಯ ಒಂದು ಮೂಲೆಯಲ್ಲಿ ಪೇಪರ್ ಓದುತ್ತಾ ಕೂರುವವರು. ಮನೆಯ ವಿಷಯದಲ್ಲಿ ಬಾಯಿ ಹಾಕಿದ್ದನ್ನು ನಾನು ಕಂಡದ್ದಿಲ್ಲ.

ಮಾವ ಒಂದೇ ಮಾತಿನಲ್ಲಿ ತೀರ್ಮಾನಿಸಿದರು. "ಭೂಮಿಯ ಕಾಯಿದೆ ಬರ್ತಾ ಉಂಟು. ನಾಳೆ ಈ ಮನೆ ನಿನ್ನ ಕೈಗೆ ಬರುವಂಥದ್ದು. ಎಕನಾಮಿಕ್ಸ್ ಕಲಿ." ಮಾತು ಸುಳ್ಳಲ್ಲ. ಮಡಂತ್ಯಾರಿನ ಪೇಟೆಯಲ್ಲಿ ಕರಿಮೆಣಸಿಗೆ ಒಂದು ವಾರ ಇದ್ದ ಧಾರಣೆ ಮರುವಾರ ಯಾಕೆ ಬೀಳುತ್ತದೆಂದು ತಿಳಿಯುವ ಆಸೆ ನನಗೂ ಇತ್ತು.

ಆದರೆ ಪಿ.ಯು.ಸಿ.ಯಲ್ಲಿ ತರ್ಕಶಾಸ್ತ್ರದ ಮೇಷ್ಟ್ರೊಬ್ಬರು ಒಂದು ದಿನ ಪಾಠ ಬಿಟ್ಟು ಕೇಳಿದ್ದರು: ಗೋಡೆ ಗಡಿಯಾರದ ಸದ್ದು ಅದು ನಿಂತ ಮೇಲೆ ನಮಗೆ ಯಾಕೆ ಗೊತ್ತಾಗುತ್ತದೆ? ಇಂಥದ್ದನ್ನೇ ಕಲಿಸುವ ಶಾಸ್ತ್ರವೊಂದಿದೆ, ಅದೇ ಸೈಕಾಲಜಿ ಎಂದರು. ನನಗೆ ಹುಚ್ಚು ಹಿಡಿಯಿತು! ಮನೆಗೆ ಬಂದವಳೇ ಚಾವಡಿಯ ಗಡಿಯಾರ ನಿಲ್ಲಿಸಿ, ಯಾರಿಗೆ ಮೊದಲು ಗೊತ್ತಾಗುತ್ತದೆಂದು ಕಾದು ಕುಳಿತೆ. ತುಸು ಹೊತ್ತಿನಲ್ಲಿ ಒಳಗಿನಿಂದ ಅಜ್ಜಿ ಕೂಗಿದರು, "ಯಾರು ಬಂದದ್ದು?" ಸದ್ದು ನಿಂತದ್ದಕ್ಕೆ ಅವರಿಗೆ ಯಾರೋ ಬಂದ ಹಾಗಾಯಿತು! ಕುಣಿಯುವುದೊಂದು ಬಾಕಿ. ಗಡಿಯಾರ ಮುಟ್ಟಿದ್ದಕ್ಕೆ ಮಾವನಿಂದ ಬೈಗುಳ ತಿಂದೆ; ಅದೂ ಸಿಹಿಯಾಗಿಯೇ ಇತ್ತು.

ತಪ್ಪು ಮಾಡಿದ್ದು ನಾನೇ. ಮಂಗಳವಾರ ಮಾವ ಎಕನಾಮಿಕ್ಸ್ ಎಂದು ತುಂಬಿಸಿ, ಪೋಷಕರ ಜಾಗದಲ್ಲಿ ಸಹಿ ಹಾಕಿ ಕೊಟ್ಟ ಅರ್ಜಿಗೆ ಮರುಮಾತಿಲ್ಲದೆ ನಾನೂ ಸಹಿ ಹಾಕಿದೆ. ಶನಿವಾರ ಅಪ್ಪ ಮೆಲ್ಲಗೆ, "ನಿನಗೆ ಯಾವುದು ಬೇಕು?" ಎಂದರು. ಗಡಿಯಾರದ ಕಥೆ ಹೇಳಿದೆ. ಮುಂದಿನ ಶನಿವಾರ ಅವರ ಚೀಲದಿಂದ ಇನ್ನೊಂದು ಅರ್ಜಿ ಹೊರಬಂತು: ಸೈಕಾಲಜಿ, ಕೆಳಗೆ ಅಪ್ಪನ ದುಂಡು ಅಕ್ಷರದ ಸಹಿ. ಖುಷಿಯಲ್ಲಿ ಅದಕ್ಕೂ ಸಹಿ ಹಾಕಿದೆ. ಎರಡೂ ಅಂಚೆಗೆ ಬಿದ್ದವು. ಮಾವನಿಗೆ ಹೇಳುವ ಧೈರ್ಯ ನನಗೂ ಇರಲಿಲ್ಲ, ಅಪ್ಪನಿಗಂತೂ ಮೊದಲೇ ಇರಲಿಲ್ಲ.

ಕಾಲೇಜಿನಿಂದ ಕರೆ ಬಂದ ದಿನ ಮಾವ ಇಸ್ತ್ರಿ ಮಾಡಿದ ಶಾಲು ಹೊದ್ದು ನನ್ನ ಜೊತೆ ಬಸ್ಸು ಹತ್ತಿದರು. ನನಗೆ ಹೆದರಿಕೆಯ ನಡುವೆಯೂ ತಡೆಯಲಾರದ ನಗು. ಒಳಗೆ ಕರೆದಾಗ ಮೇಜಿನ ಮೇಲೆ ಎರಡೂ ಅರ್ಜಿಗಳನ್ನು ಒಂದೇ ದಾರದಲ್ಲಿ ಕಟ್ಟಿ ಇಟ್ಟಿದ್ದರು. ಘಟ್ಟದ ಮೇಲಿನಿಂದ ಬಂದ ಹಿರಿಯ ಅಧ್ಯಾಪಕರೊಬ್ಬರು ಕನ್ನಡಕ ಏರಿಸಿ ಮಾವನನ್ನು ನೋಡಿದರು.

"ಇದೇನ್ರೀ, ಹುಡುಗಿ ಒಬ್ಬಳು, ಪೋಷಕರು ಇಬ್ಬರು? ತಂದೆ ಇದಾರಲ್ಲ, ಮತ್ತೆ ನೀವ್ಯಾಕೆ ಸಹಿ ಮಾಡಿದ್ದು?"

"ನಮ್ಮಲ್ಲಿ ಹಾಗೆಯೇ ಸ್ವಾಮಿ. ಯಜಮಾನ ನಾನು."

"ಹಾಗಾದ್ರೆ ತಂದೆ ಏನ್ ಮಾಡ್ತಾರೆ?"

"ಶನಿವಾರ ಬರ್ತಾರೆ," ಎಂದರು ಮಾವ, ಬಹಳ ಗಂಭೀರವಾಗಿ.

ಅಧ್ಯಾಪಕರು ಕೆಮ್ಮಿದ ಹಾಗೆ ಮಾಡಿ ನಗು ನುಂಗಿದರು. ಅಷ್ಟರಲ್ಲಿ ಮಾವನ ಕಣ್ಣು ಎರಡನೆಯ ಅರ್ಜಿಯ ಮೇಲೆ, ಅದರ ಕೆಳಗಿದ್ದ ನನ್ನ ಸಹಿಯ ಮೇಲೆ ಬಿತ್ತು. ಅಧ್ಯಾಪಕರು ನನ್ನ ಕಡೆ ತಿರುಗಿದರು. "ನೀನು ಹೇಳಮ್ಮಾ. ಯಾವುದು?"

"ಸೈಕಾಲಜಿ!" ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು, ಹೊರಗಿನ ಜವಾನ ಇಣುಕಿ ನೋಡಿದ. ಆ ಕ್ಷಣದ ಹಗುರ ನನಗೆ ಆಮೇಲೆ ಯಾವ ಪದವಿಯಲ್ಲೂ ಸಿಗಲಿಲ್ಲ. ಮಾವ ಜೇಬಿನಿಂದ ಪೆನ್ನು ತೆಗೆದರು. ತಮ್ಮ ಅರ್ಜಿಯ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದು, "ತಂದೆಯ ಸಹಿ ಉಂಟಲ್ಲ, ಸಾಕು," ಎಂದರು.

ವಾಪಸು ಬರುವ ಬಸ್ಸು ಗುರುಪುರ ದಾಟಿತು. ಕಾಲೇಜಿನಲ್ಲಿ ಸೀಟು ಸಿಕ್ಕಿದ ಸಂತೋಷ ನನ್ನಲ್ಲಿ ಉಕ್ಕುತ್ತಿತ್ತು, ಪಕ್ಕದಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಕೊನೆಗೆ ಹೊರಗೆ ನೋಡುತ್ತಲೇ ಹೇಳಿದರು, "ಆಯ್ತು, ಈಗ ನನ್ನ ಮನಸ್ಸಿನಲ್ಲಿ ಏನುಂಟು ಹೇಳು, ನೋಡುವ."

"ನಿಮಗೆ ಬೇಸರ ಆಗಿದೆ, ಮಾವ."

"ಅದು ಕಂಡಕ್ಟರನಿಗೂ ಗೊತ್ತಾಗ್ತದೆ ಮಾರಾಯ್ತಿ. ಯಾಕೆ ಅಂತ ಹೇಳು."

"ನಾನು ಎಕನಾಮಿಕ್ಸ್ ಬೇಡ ಅಂದದ್ದಕ್ಕೆ."

"ಅಲ್ಲ." ಅವರು ನನ್ನ ಕಡೆ ತಿರುಗಿದರು. "ನೀನು ನನ್ನ ಹತ್ತಿರ ಮೊದಲೇ ಹೇಳಲಿಲ್ಲವಲ್ಲ, ಅದಕ್ಕೆ. ನಾನು ಅಷ್ಟು ಹೆದರಿಸುವ ಜನವಾ ಮಗಾ?"

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. "ಅಲ್ಲ ಮಾವ," ಎಂದೆ. ಅದು ನಿಜವೆಂದು ನನಗೂ ಗೊತ್ತಾದದ್ದು ಹಾಗೆ ಹೇಳುವಾಗಲೇ.