ಸವತಿಯ ಜರ್ಸಿಗಳು

ನನಗೆ ಹೊಟ್ಟೆಕಿಚ್ಚು. ಇದನ್ನು ಇಷ್ಟು ಧೈರ್ಯವಾಗಿ ಬರೆಯುತ್ತಿರುವುದಕ್ಕೆ ಕಾರಣ ನಮ್ಮ ಮನೆಯವರಿಗೆ ಕನ್ನಡ ಓದಲು ಬಾರದಿರುವುದು. ನಾಲ್ಕು ತಲೆಮಾರಿನಿಂದ ಕೊಯಮತ್ತೂರಿನಲ್ಲಿರುವ ಕುಟುಂಬ ಅವರದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಕ್ಷರ ಮಾತ್ರ ಯಾರಿಗೂ ಇಲ್ಲ. ನನಗೆ ಅಜ್ಜಿ ಬೇಸಿಗೆ ರಜೆಯಲ್ಲಿ ಸ್ಲೇಟು ಹಿಡಿಸಿ ಕಲಿಸಿದರು. ಆಗ ಅತ್ತುಕೊಂಡು ಕಲಿತೆ. ಗಂಡನ ಎದುರಿಗೇ ಕುಳಿತು ಗಂಡನ ಮೇಲೆ ಚಾಡಿ ಬರೆಯಲು ಇಷ್ಟು ಅನುಕೂಲವಾದ ಲಿಪಿ ಬೇರೆ ಇಲ್ಲವೆಂದು ಈಗ ಗೊತ್ತಾಗುತ್ತಿದೆ. ಇಗೋ, ಎದುರಿಗೇ ಇದ್ದಾರೆ. ಫೋನಿನಲ್ಲಿ ಯಾರದೋ ಭುಜದ ಎಕ್ಸ್‌ರೇ ನೋಡುತ್ತಿದ್ದಾರೆ. ನನ್ನದಲ್ಲ.

ನನ್ನ ಸವತಿ ಹೆಣ್ಣಾಗಿದ್ದರೆ ನಿಭಾಯಿಸುತ್ತಿದ್ದೆ. ಹೆಣ್ಣೆಂದಮೇಲೆ ಸೀರೆಯ ನೆರಿಗೆಯಲ್ಲೋ ಸಾರಿನ ಉಪ್ಪಿನಲ್ಲೋ ಒಂದು ಕುಂದು ಸಿಕ್ಕೇ ಸಿಗುತ್ತದೆ. ಇಲ್ಲಿ ಹಾಗಲ್ಲ. ಚಡ್ಡಿ ಹಾಕಿದ ಹನ್ನೊಂದು ಗಂಡಸರು, ಬೆಂಚಿನ ಮೇಲೆ ಇನ್ನೈದು ಜನ. ತಿರುಪ್ಪೂರಿನ ಒಂದು ಫುಟ್ಬಾಲ್ ಕ್ಲಬ್ಬು. ಹೆಸರು ಹೇಳುವುದಿಲ್ಲ. ಗಂಡನ ಹೆಸರನ್ನೇ ಬಾಯಿಬಿಟ್ಟು ಹೇಳಬಾರದೆಂದು ಅಜ್ಜಿ ಕಲಿಸಿದ್ದರು. ಸವತಿಯ ಹೆಸರು ಹೇಳೆಂದು ಯಾರೂ ಕಲಿಸಿಲ್ಲ.

ನಮ್ಮವರು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕ್ವಾಲಿಟಿ ನೋಡುವವರು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಾರೆ. ದಿನವಿಡೀ ಬೇರೆಯವರ ಹೊಲಿಗೆಯಲ್ಲಿ ತಪ್ಪು ಹುಡುಕುವುದೇ ಕೆಲಸ. ಕಾಲರು ಒಂದು ನೂಲಿನಷ್ಟು ವಾಲಿದರೂ ಇಡೀ ಲಾಟನ್ನು ವಾಪಸು ಕಳಿಸುವ ಮನುಷ್ಯ. ಅಂಥವರು ತಮ್ಮ ಕ್ಲಬ್ಬಿನ ವಿಷಯಕ್ಕೆ ಬಂದರೆ ಮಾತ್ರ ಒಂದು ತಪ್ಪನ್ನೂ ಕಾಣರು. ಒಂದು ಭಾನುವಾರ ಗಾಳಿಯಿಂದ ಸೋತರು, ಮುಂದಿನ ಭಾನುವಾರ ರೆಫರಿಯಿಂದ, ಆಮೇಲೆ ಮೈದಾನದ ಇಳಿಜಾರಿನಿಂದ. ಎರಡನೇ ಅರ್ಧದಲ್ಲಿ ಅದೇ ಇಳಿಜಾರು ನಿಮ್ಮ ಪಾಲಿಗೂ ಬರಬೇಕಲ್ಲ ಎಂದು ನಾನು ಕೇಳಲಿಲ್ಲ. ಕೇಳಬೇಕಾದರೆ ಮೊದಲು ಅವರು ನನ್ನ ಜೊತೆ ಮಾತಾಡುತ್ತಿರಬೇಕು. ಭಾನುವಾರ ಮಧ್ಯಾಹ್ನ ಮ್ಯಾಚು, ಸಂಜೆ ಫೋನಿನಲ್ಲಿ ಅದೇ ಮ್ಯಾಚು, ಊಟದ ಹೊತ್ತಿಗೆ ದುಃಖ. ದುಃಖವನ್ನೂ ಆ ಕ್ಲಬ್ಬಿನವರ ಜೊತೆಗೇ ಹಂಚಿಕೊಳ್ಳುವುದು, ನನ್ನ ಜೊತೆಗಲ್ಲ. ನನ್ನನ್ನು ನಿಜವಾಗಿ ಸುಟ್ಟದ್ದು ಅದೇ.

ಜೂನಿನಲ್ಲಿ ನಾನು ಕನ್ನಡಕ ಬದಲಾಯಿಸಿದೆ. ಇಪ್ಪತ್ತು ವರ್ಷದ ತೆಳು ಚಿನ್ನದ ಬಣ್ಣದ ಫ್ರೇಮು ಹೋಗಿ ದಪ್ಪ ಕಂದು ಫ್ರೇಮು ಬಂತು. ತರಕಾರಿಯವಳು ನೋಡಿ "ಟೀಚರಮ್ಮ ಆಗಿಬಿಟ್ರಿ" ಎಂದಳು. ಇವರಿಗೆ ಕಾಣಲಿಲ್ಲ. ಅದೇ ರಾತ್ರಿ ಚಪಾತಿ ಮುರಿಯುತ್ತಾ, "ಗೋಲಿ ಇವತ್ತು ಎಡಗಾಲು ಇಷ್ಟೇ ಇಷ್ಟು ಎಳೀತಿದ್ದ, ಯಾರಿಗೂ ಗೊತ್ತಾಗಿಲ್ಲ, ನಂಗ್ ಗೊತ್ತಾಯ್ತು" ಎಂದರು. ಗೋಲಿ ಎಂದರೆ ಗೋಲ್‌ಕೀಪರು. ಮೈದಾನದ ಆಚೆ ತುದಿಯ ಕಾಲು ಕಾಣಿಸಿತು, ಮೊಣಕೈ ದೂರದ ಮುಖ ಕಾಣಿಸಲಿಲ್ಲ.

ಮನೆಯಲ್ಲಿ ಅಜ್ಜಿ ಆರು ವೈರಿಗಳ ಪಟ್ಟಿ ಬಾಯಿಪಾಠ ಮಾಡಿಸಿದ್ದರು. ಕಾಮದಿಂದ ಶುರುವಾಗಿ ಮಾತ್ಸರ್ಯಕ್ಕೆ ಮುಗಿಯುವುದು. ಕಾನ್ವೆಂಟಿನಲ್ಲಿ ಸಿಸ್ಟರ್ ಬೆನಡಿಕ್ಟಾ ಏಳು ಪಾಪಗಳ ಪಟ್ಟಿ ಬರೆಸಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಕೆಟ್ಟ ಬುದ್ಧಿ ಆಗಲೇ ಇತ್ತು ನನಗೆ. ಹೊಟ್ಟೆಬಾಕತನ ನಮ್ಮ ಪಟ್ಟಿಯಲ್ಲಿ ಇಲ್ಲ. ಇದ್ದಿದ್ದರೆ ಹಬ್ಬ ಮಾಡುವುದು ಹೇಗೆ? ಸೋಮಾರಿತನವೂ ಇಲ್ಲ. ಹೊಟ್ಟೆಕಿಚ್ಚು ಮಾತ್ರ ಎರಡರಲ್ಲೂ ಇದೆ. ಸಮುದ್ರದ ಆಚೆಯವರೂ ಈಚೆಯವರೂ ಒಪ್ಪಿಕೊಂಡ ಪಾಪವೆಂದಮೇಲೆ ಅದರಲ್ಲೇನೋ ರುಚಿ ಇರಬೇಕು. ಹೀಗೆ ನನ್ನನ್ನು ನಾನು ಸಮಾಧಾನಪಡಿಸಿಕೊಳ್ಳುತ್ತಿದ್ದ ಕಾಲಕ್ಕೇ ಸವತಿ ನೇರವಾಗಿ ಮನೆಗೆ ಬಂದಳು, ಗೋಣಿಚೀಲದಲ್ಲಿ.

"ಏನ್ರೀ ಇದು, ನಾಯಿ ಸತ್ತಂಗೆ ನಾತ?"

"ಜರ್ಸಿ. ಈ ವಾರ ನಮ್ಮ ಮುರೆ" ಎಂದರು. ಮುರೆ ಎಂದರೆ ಸರದಿ.

ಹಿಂದೊಮ್ಮೆ ಕ್ಲಬ್ಬಿನ ಬಟ್ಟೆಗಳನ್ನು ಯಾವುದೋ ವಾಷಿಂಗ್ ಯೂನಿಟ್ಟಿಗೆ ಕೊಟ್ಟಾಗ ಬೇರೆ ಬಣ್ಣದ ಜೊತೆ ಬೆರೆತು, ತಂಡವಿಡೀ ಗುಲಾಬಿ ಚಡ್ಡಿಯಲ್ಲಿ ಆಡಬೇಕಾಯಿತಂತೆ. ಊರಿಗೆಲ್ಲ ಬಟ್ಟೆ ಹೊಲಿದುಕೊಡುವ ತಿರುಪ್ಪೂರಿಗೆ ಆ ಅವಮಾನ ತಡೆಯಲಾಗಲಿಲ್ಲ. ಅಂದಿನಿಂದ ಕಮಿಟಿಯ ಎಂಟು ಜನರ ಮನೆಯಲ್ಲಿ ಸರದಿಯಂತೆ ಒಗೆಯಬೇಕೆಂದು ತೀರ್ಮಾನ. ತೀರ್ಮಾನ ಮಾಡಿದವರು ಎಂಟು ಗಂಡಸರು, ಒಗೆಯುವವರು ಎಂಟು ಹೆಂಗಸರು. ಇವರು ಆ ವರ್ಷ ಹೊಸದಾಗಿ ಕಮಿಟಿಗೆ ಸೇರಿದ್ದರು.

ಸವತಿಯ ಮೈಬಟ್ಟೆ ಒಗೆಯುವ ಹಣೆಬರಹ ಯಾವ ಹೆಣ್ಣಿಗೂ ಬೇಡ. ಆದರೆ ಕೊಳೆ ಬಟ್ಟೆ ಎದುರಿಗಿದ್ದರೆ ಕೈ ಸುಮ್ಮನಿರುವುದಿಲ್ಲ. ಸೋಮವಾರ ಬೆಳಿಗ್ಗೆ ಚೀಲ ಸುರಿದು ಒಂದೊಂದನ್ನೇ ಒಳಮೈ ತಿರುಗಿಸಿದೆ. ಹೊಲಿಗೆ ತರಗತಿಯಲ್ಲಿ ಸಿಸ್ಟರ್ ಹೇಳುತ್ತಿದ್ದುದು ಅದೇ: ಬಟ್ಟೆಯ ಮೇಲ್ಮೈ ನೆಂಟರಿಗೆ, ಒಳಮೈ ದೇವರಿಗೆ. ಅವತ್ತು ನನಗೂ ದೇವರಿಗೂ ಏಕಕಾಲದಲ್ಲಿ ಆ ತಂಡ ಅರ್ಥವಾಯಿತು.

ಒಂಬತ್ತನೇ ನಂಬರು, ಗೋಲು ಹೊಡೆಯಬೇಕಾದವನು. ಕಾಲರು ಬೆಳ್ಳಗೆ, ಕಂಕುಳು ಒಣಗಿದೆ, ಮೇಲೆ ಸೆಂಟಿನ ವಾಸನೆ. ಸೊಂಟದ ಒಂದೇ ಕಡೆ ಮಣ್ಣು. ಓಡುವವನ ಮಣ್ಣಲ್ಲ ಅದು, ಯಾರಾದರೂ ಹತ್ತಿರ ಬಂದರೆ ಬೀಳುವವನ ಮಣ್ಣು. ಐದನೆಯವನದು ಎದೆಯಿಂದ ಅಂಚಿನವರೆಗೆ ಕೆಸರು, ಭುಜದ ಹೊಲಿಗೆ ಎಳೆದು ಎಳೆದು ಸಡಿಲವಾಗಿದೆ. ಹಿಡಿದು ನಿಲ್ಲಿಸಬೇಕೆಂದು ಎದುರಾಳಿಗೆ ಅನ್ನಿಸುವ ಆಟಗಾರ ಒಬ್ಬನಾದರೂ ಇದ್ದಾನಲ್ಲ ಎಂದು ಅವನ ಮೇಲೆ ಮಮತೆ ಬಂತು. ಗೋಲಿಯ ಅಂಗಿಗೆ ಎಡಪಕ್ಕೆಯೆಲ್ಲ ಕೆಸರು, ಬಲಪಕ್ಕೆ ಹೊಸದರಂತೆ. ಎಡಕ್ಕೆ ಬಂದ ಚೆಂಡಿಗೆ ಹಾರುತ್ತಾನೆ. ಬಲಕ್ಕೆ ಹೋದದ್ದನ್ನು ಕಣ್ಣಲ್ಲೇ ಬೀಳ್ಕೊಡುತ್ತಾನೆ. ಕೋಚಿನ ಜಾಕೆಟ್ಟಿನ ಎರಡೂ ಜೇಬಿನ ತುಂಬ ಕಡಲೆಕಾಯಿ ಸಿಪ್ಪೆ. ಇನ್ನು ಹದಿನೇಳನೇ ನಂಬರಿನ ಜರ್ಸಿ ಹೋದ ವಾರ ಯಾರೋ ಪುಣ್ಯಾತ್ಗಿತ್ತಿ ಮಡಿಸಿದ ಮಡಿಕೆಯಲ್ಲೇ ಇತ್ತು. ಮಡಿಕೆಯ ಗೆರೆ ಕೂಡ ಅಳಿಸಿರಲಿಲ್ಲ. ಬೆಂಚಿನ ಮೇಲೆ ಕೂತು ಬಂದ ಅಂಗಿ. ಅದನ್ನು ಒಗೆಯಬೇಕಾಗಿರಲಿಲ್ಲ. ಒಗೆದೆ.

ಸಂಜೆ ಮಡಿಸುವಾಗ ತಡೆಯಲಾರದೆ ಹೇಳಿದೆ: "ಏನ್ರೀ, ನಿಮ್ಮ ಗೋಲಿ ಬಲಗಡೆ ಬೀಳೋದೇ ಇಲ್ಲ."

"ಯಾರ್ ಹೇಳಿದ್ದು?"

"ಅವನ ಅಂಗಿ."

ನಕ್ಕರು. "ನೀನು ಒಂದ್ ಮ್ಯಾಚಾದ್ರೂ ನೋಡಿದೀಯಾ?"

"ನೋಡಿಲ್ಲ. ಒಗ್ದಿದೀನಿ."

ನಗು ನಿಂತಿತು. ಕಂಪನಿಯಲ್ಲಿ ಪೀಸು ನೋಡುವಂತೆ ಆ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಲಪಕ್ಕೆ ನೋಡಿದರು, ಎಡಪಕ್ಕೆ ನೋಡಿದರು. ಮಾಸಿ ಉಳಿದಿದ್ದ ಕಲೆ ಒಂದೇ ಕಡೆ ಇತ್ತು. ಆಮೇಲೆ ಮೆಲ್ಲಗೆ ನೆಲದ ಮೇಲೆ ಕುಳಿತು, "ನಿನ್ನೆ ಮೂರೂ ಬಲಗಡೇನೇ ಹೋಯ್ತು ಕಣೆ" ಎಂದರು. ಹೋದ ವಾರದ್ದೂ ನೆನಪಿಸಿಕೊಂಡರು. "ಒಂಬತ್ತು ಏನ್ ಹೇಳುತ್ತೆ?" ಎಂದು ಕೇಳಿದರು. ಒಂದು ಗಂಟೆ ಮಾತಾಡಿದೆವು. ಎಷ್ಟು ವರ್ಷದ ಮೇಲೋ. ಇಡ್ಲಿ ಪಾತ್ರೆಯಲ್ಲಿ ನೀರು ಆರಿ ಸೀದ ವಾಸನೆ ಬಂದಮೇಲೆ ಎದ್ದೆವು.

ಆ ಒಂದು ಗಂಟೆ ನನಗೆ ಬೇಕಾಯಿತು, ಪ್ರತಿ ಸೋಮವಾರ ಬೇಕಾಯಿತು. ಆದರೆ ಸರದಿ ಬರುವುದು ಎಂಟು ವಾರಕ್ಕೊಮ್ಮೆ. ತಿರುಪ್ಪೂರಿನ ಸೌಡಮ್ಮಕ್ಕನಿಗೆ ಫೋನು ಮಾಡಿದೆ. ನಮ್ಮ ಜನದವರೇ, ಮಗ್ಗದ ಮನೆಯವರು. ಅವರ ಯಜಮಾನರೂ ಕಮಿಟಿಯಲ್ಲಿದ್ದಾರೆ. ಮೊಣಕಾಲು ನೋವೆಂದು ಹೇಳುತ್ತಿದ್ದಿರಲ್ಲ, ನಿಮ್ಮ ಮುರೆ ನಾನೇ ಮಾಡುತ್ತೇನೆ ಎಂದೆ. "ನೀನ್ ಚೆನ್ನಾಗಿರ್ಬೇಕು ಅಮ್ಮಣಿ, ಯಾವ ದೇವ್ರು ನಿಂಗೆ ಬುದ್ಧಿ ಕೊಟ್ಟಾನೋ" ಎಂದರು. ಇನ್ನೊಬ್ಬರ ಮನೆಯಲ್ಲಿ ನೀರಿನ ತಾಪತ್ರಯ, ಮತ್ತೊಬ್ಬರ ಮಗಳ ಬಾಣಂತನ. ನಮ್ಮದೂ ಸೇರಿ ಎಂಟರಲ್ಲಿ ನಾಲ್ಕು ಸರದಿ ನನ್ನದಾಯಿತು. ಸವತಿಯ ಬಟ್ಟೆಗೆ ನಾನೇ ಸಾಲಿನಲ್ಲಿ ನಿಂತೆ.

ತಂಡ ಸೋಲುತ್ತಲೇ ಇತ್ತು. ಆಡಳಿತದ ಬಗ್ಗೆಯೂ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಅಧ್ಯಕ್ಷರು ಒಬ್ಬ ಬನಿಯನ್ ಕಂಪನಿ ಮುದಲಾಳಿ, ಅಂದರೆ ಮಾಲೀಕರು. ಸೋತಾಗ ಕೋಚನ್ನು ಬದಲಾಯಿಸುವ ಕ್ಲಬ್ಬುಗಳಿವೆ. ಇವರು ಬಣ್ಣ ಬದಲಾಯಿಸುತ್ತಾರೆ. ಹಳದಿ ಹೋಗಿ ಮೆರೂನ್ ಬಂತು, ಮೆರೂನ್ ಹೋಗಿ ಗಿಳಿಹಸಿರು. ತಮಗೆ ಗೊತ್ತಿರುವುದನ್ನು ತಾನೆ ಮನುಷ್ಯ ಮಾಡುವುದು? ಹೊಲಿಗೆಯಲ್ಲಿ ಒಂದು ಕುಂದಿಲ್ಲ. ಸಿಸ್ಟರ್ ನೋಡಿದ್ದರೆ ಹತ್ತಕ್ಕೆ ಹತ್ತು. ಒಳಗೆ ಯಾರಿದ್ದಾರೆ ಎನ್ನುವುದೊಂದೇ ತೊಂದರೆ. ಒಂಬತ್ತನೇ ನಂಬರಿನ ಒಳಗೆ ಇದ್ದವನು ಮುದಲಾಳಿಯ ಅಕ್ಕನ ಮಗ. ಬೆಂಚಿನ ಹದಿನೇಳು ಮುರುಗೇಶಣ್ಣ, ಮೂವತ್ತೇಳು ದಾಟಿದ ಕಟಿಂಗ್ ಮಾಸ್ಟರು. ಹಿಂದೆ ಗೋಲುಗಳನ್ನೆಲ್ಲ ಅವನೇ ಹೊಡೆಯುತ್ತಿದ್ದನಂತೆ.

ಕಮಿಟಿಯಲ್ಲಿ ನಮ್ಮವರು ಎದ್ದುನಿಂತು, ಒಂಬತ್ತನ್ನು ಕೂರಿಸಿ ಹದಿನೇಳನ್ನು ಆಡಿಸಿ ಎಂದರಂತೆ. ಯಾವ ಆಧಾರದ ಮೇಲೆ ಎಂದು ಮುದಲಾಳಿ ಕೇಳಿದರು. ಇವರು ಸುಳ್ಳು ಹೇಳಲಿಲ್ಲ. "ನನ್ನ ಹೆಂಡತಿ ಜರ್ಸಿ ಒಗೆದು ನೋಡಿದ್ದಾಳೆ" ಎಂದರು. ಮಿಕ್ಕವರು ಮೇಜು ತಟ್ಟಿ ನಕ್ಕರು. ಮುದಲಾಳಿ ನಗಲಿಲ್ಲ. ಬಹಳ ಮರ್ಯಾದೆಯಿಂದ, ಮನೆಯ ಹೆಂಗಸರಿಗೆ ಇನ್ನು ಈ ಕಷ್ಟ ಬೇಡ, ಈ ಸಲ ಇದೇ ಡಿವಿಷನ್‌ನಲ್ಲಿ ಉಳಿದುಕೊಂಡರೆ ಮುಂದಿನ ವರ್ಷದಿಂದ ಒಗೆಯುವುದನ್ನು ಒಳ್ಳೆಯ ವಾಷಿಂಗ್ ಯೂನಿಟ್ಟಿಗೆ ಕೊಡೋಣ ಎಂದರು. ಕೆಳಗಿನ ಡಿವಿಷನ್‌ಗೆ ಇಳಿದರೆ ಎಲ್ಲ ಈಗಿನಂತೆಯೇ.

ಇವರು ಮನೆಗೆ ಬಂದು ಹೇಳಿದಾಗ, ಕಮಿಟಿಯಲ್ಲಿ ನನ್ನ ಮಾತು ಎತ್ತಿದರಲ್ಲ ಎಂದು ಮೊದಲು ಹಿಗ್ಗಿದೆ. ಆಮೇಲೆ ವಿಷಯ ಹೊಳೆಯಿತು. ತಂಡ ಉಳಿದರೆ ನನ್ನ ಸೋಮವಾರ ಹೋಗುತ್ತದೆ. ತಂಡ ಮುಳುಗಿದರೆ ಸೋಮವಾರ ಉಳಿಯುತ್ತದೆ, ಆದರೆ ಇವರ ಮುಖ ನೋಡಲಾಗುವುದಿಲ್ಲ. ಈ ಸಲ ನನ್ನ ಹೊಟ್ಟೆಕಿಚ್ಚು ಒಂದು ಯಂತ್ರದ ಮೇಲೆ ತಿರುಗಿತು. ಗರಗರ ತಿರುಗುವ ಆ ಡಬ್ಬಿಗೆ ಐದನೇ ನಂಬರಿನ ಭುಜದ ಬಗ್ಗೆ ಏನು ಗೊತ್ತು?

ಕೊನೆಯ ಮ್ಯಾಚಿಗೆ ನಾನೂ ಹೋದೆ. ತಂಡ ಉಳಿಯಲು ಸಮ ಮಾಡಿಕೊಂಡರೂ ಸಾಕಿತ್ತು. ಆಡಳಿತದವರು ತಯಾರಿಯಾಗಿ ಗೋಲಿನ ಕಂಬಗಳಿಗೆ ಹೊಸದಾಗಿ ಸುಣ್ಣ ಹೊಡೆಸಿದ್ದರು. ಸೌಡಮ್ಮಕ್ಕನ ಪಕ್ಕ ಮೆಟ್ಟಿಲ ಮೇಲೆ ಕುಳಿತೆ. ಇವರು ಕೆಳಗೆ ಕಮಿಟಿಯವರ ಕುರ್ಚಿಯಲ್ಲಿ. ಯಾರು ಸೋಲಲೆಂದು ಬೇಡಿಕೊಳ್ಳಬೇಕೋ ಗೊತ್ತಾಗದೆ ಕೈಚೀಲದ ಜಿಪ್ಪು ಎಳೆಯುತ್ತಿದ್ದೆ. ಒಂಬತ್ತು ಹೆಜ್ಜೆಗೊಮ್ಮೆ ಕೂದಲು ಸವರಿಕೊಳ್ಳುತ್ತಿದ್ದ.

"ಲೋ ಒಂಬತ್ತು! ಸೆಂಟ್ ಹಾಕ್ಕಂಡು ಹೆಣ್ ನೋಡಕ್ ಬಂದಿದ್ದೀಯೇನೋ!" ಎಂದು ಸೌಡಮ್ಮಕ್ಕ ಕೂಗಿದರು. ಹಾಗಾದರೆ ಆ ವಾಸನೆ ಅವರ ಮೂಗಿಗೂ ಬಿದ್ದಿತ್ತು. ನನಗೊಬ್ಬಳಿಗೇ ಗೊತ್ತಿದ್ದ ಗುಟ್ಟೆಂದುಕೊಂಡಿದ್ದೆ. ಸಣ್ಣಗೆ ಉರಿಯಿತು.

ಎದುರಾಳಿ ಒಂದು ಗೋಲು ಹೊಡೆದರು. ಬಲಗಡೆಗೆ. ಕೆಳಗೆ ಕುರ್ಚಿಯಲ್ಲಿದ್ದವರು ಮೈದಾನಕ್ಕೆ ಬೆನ್ನು ತಿರುಗಿಸಿ, ಅಷ್ಟು ಜನರ ನಡುವೆ ನನ್ನನ್ನು ಹುಡುಕಿ ನೋಡಿದರು. ಹಾಗೆ ನಮ್ಮ ಕಣ್ಣು ಕೂಡಿದ್ದು ಧಾರೆಯ ಹೊತ್ತಿನಲ್ಲೂ ಇಲ್ಲ. ಅಂದು ಹೊಗೆ ಇತ್ತು.

ಹತ್ತು ನಿಮಿಷ ಉಳಿದಿರುವಾಗ ಒಂಬತ್ತು ಸೊಂಟದ ಮೇಲೆ ಬಿದ್ದು ಕುಂಟುತ್ತಾ ಹೊರಗೆ ಹೋದ. ಬೇರೆ ದಾರಿಯಿಲ್ಲದೆ ಕೋಚು ಮುರುಗೇಶಣ್ಣನನ್ನು ಕಳಿಸಿದರು. ನಾನು ಮಡಿಸಿದ ಗೆರೆಗಳು ಎದೆಯ ಮೇಲೆ ಹಾಗೆಯೇ ಇದ್ದುವು. ಅಷ್ಟು ದೂರದಿಂದ ಕಾಣುತ್ತಿರಲಿಲ್ಲ, ಆದರೆ ಇದ್ದುವು. ಕೊನೆಯ ನಿಮಿಷದಲ್ಲಿ ಐದನೆಯವನು ಉದ್ದಕ್ಕೆ ಒದ್ದ ಚೆಂಡು ಅವನ ಮುಂದೆ ಬಿತ್ತು. ಹೆಣ್ಣಿನ ದನಿ ಪಕ್ಕದ ಬೆಂಚನ್ನು ದಾಟಬಾರದೆಂದು ಸಿಸ್ಟರ್ ಹತ್ತು ವರ್ಷ ಕಲಿಸಿದ್ದರು. "ಓಡಿ ಮುರುಗೇಶಣ್ಣಾ! ಓಡಿ!" ನಾನು ಎದ್ದು ನಿಂತಿದ್ದೆ. ಸೋಮವಾರವೂ ನೆನಪಿರಲಿಲ್ಲ, ಯಂತ್ರವೂ ನೆನಪಿರಲಿಲ್ಲ. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಹಿಂದೆಯೇ ಮುರುಗೇಶಣ್ಣನೂ ಕಂಬಕ್ಕೆ ಬಡಿದ. ಸುಣ್ಣದ ಪುಡಿ ಹಾರಿತು. ಸೀಟಿ ಊದಿದರು.

ಸೋಮವಾರ ನನ್ನದಾಯಿತು. ನಾನು ಅಳುತ್ತಿದ್ದೆ.

ವಾಪಸು ರೈಲು ಸೋಮನೂರು ದಾಟಿತ್ತು. ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡಾಗ ಇವರು ನೋಡಿದರು. ತಿರುಗಿ ಮತ್ತೆ ನೋಡಿದರು.

"ಇದ್ ಹೊಸದಾ?"

"ಜೂನ್‌ನಲ್ಲಿ ತಗೊಂಡಿದ್ದು."

"ಚೆನ್ನಾಗಿದೆ" ಎಂದರು. ಇನ್ನಷ್ಟು ಬಾಗಿ, "ಎಡಗಡೆ ಕಡ್ಡಿ ಇಷ್ಟೇ ಇಷ್ಟು ವಾಲಿದೆ" ಎಂದರು. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಅಷ್ಟು ಹತ್ತಿರದಿಂದ ಪರೀಕ್ಷೆ ಮಾಡಿರಲಿಲ್ಲ.

ಹದಿನೇಳರ ಭುಜದ ಮೇಲಿನ ಸುಣ್ಣದ ಗುರುತು ಪೂರ್ತಿ ಹೋಗಲಿಲ್ಲ. ನಾನೂ ಅಷ್ಟು ಉಜ್ಜಲಿಲ್ಲ. ಒಣಗಿಸಿ, ಮಡಿಸಿ, ಎಲ್ಲಕ್ಕಿಂತ ಮೇಲಿಟ್ಟೆ.

ಇವತ್ತು ಬೆಳಿಗ್ಗೆ ಸೌಡಮ್ಮಕ್ಕ ಫೋನು ಮಾಡಿದ್ದರು. "ಅಮ್ಮಣಿ, ನನ್ ಮೊಣಕಾಲು ವಾಸಿ ಆಗೋಯ್ತು. ಬರೋ ವರ್ಷ ನನ್ ಮುರೆ ನಂಗೇ ಕೊಟ್ಬಿಡು. ನಮ್ಮ ಯಜಮಾನ್ರು ಈಗೀಗ ಕೇಳ್ತಾವ್ರೆ, ಅಂಗಿ ನೋಡಿ ನೀನೂ ಏನಾರ ಹೇಳೇ ಅಂತ."

"ಯಾಕಕ್ಕಾ ಶ್ರಮ? ನೋವು ಮತ್ತೆ ಬಂದುಬಿಟ್ರೆ? ಡಾಕ್ಟ್ರನ್ನ ಕಂಡಿಪ್ಪಾ, ತಪ್ಪದೇ, ಕೇಳಿ" ಎಂದೆ. ಎರಡು ಪಟ್ಟಿಯ ದೇವರುಗಳೂ ಕೇಳಿಸಿಕೊಂಡರು.

ಆ ಕಡೆಯಿಂದ ದೊಡ್ಡ ನಗು. "ಹೊಟ್ಟೆ ಉರಿ ಕಣೇ ನಿಂಗೆ!"

ಒಂದು ಸರದಿ ಬಿಟ್ಟುಕೊಟ್ಟೆ. ಹದಿನೇಳನ್ನು ಮಾತ್ರ ಬೇರೆ ಚೀಲದಲ್ಲಿ ನಮ್ಮ ಮನೆಗೇ ಕಳಿಸಬೇಕೆಂಬ ಷರತ್ತಿನ ಮೇಲೆ.

ಎದುರಿಗೆ ಇವರು ಇನ್ನೂ ಆ ಎಕ್ಸ್‌ರೇಯನ್ನೇ ಹಿಗ್ಗಿಸಿ ನೋಡುತ್ತಿದ್ದಾರೆ. ಮುರುಗೇಶಣ್ಣನ ಭುಜ. ಎಷ್ಟು ಹೊತ್ತು ಒಬ್ಬರೇ ನೋಡುವುದು? ಪೆನ್ನು ಕೆಳಗಿಟ್ಟು ಹೇಳುತ್ತಿದ್ದೇನೆ: "ಸ್ವಲ್ಪ ಈ ಕಡೆ ತಿರುಗಿಸ್ರೀ."