ಚುವೋಲನ ಟೋಪಿ

ನಮ್ಮ ಹೊಸ ದೇಶದ ರಾಜಧಾನಿ ಜುಬಾದ ಸಚಿವಾಲಯದ ಗೇಟು ಕಾಯುವ ಚುವೋಲನಿಗೆ ಸರ್ಕಾರ ಇನ್ನೂ ಸಂಬಳ ಬಾಕಿ ಉಳಿಸಿಕೊಂಡಿದೆ. ಆದರೂ ಬೆಳಿಗ್ಗೆ ಬಾವುಟ ಏರುವಾಗ ಒಂಟಿ ಕಾಲಿನ ಅವನಷ್ಟು ನೆಟ್ಟಗೆ ಇನ್ನಾರೂ ನಿಲ್ಲುವುದಿಲ್ಲ. ಸ್ವಾತಂತ್ರ್ಯಕ್ಕಾಗಿ ಕಾಡಿನಲ್ಲಿ ಹೋರಾಡಿ ಬಂದ ಇಂಥವರು ನಮ್ಮಲ್ಲಿ ಗೇಟಿಗೊಬ್ಬರಿದ್ದಾರೆ. ಅರ್ಧ ಲೋಟ ಸಕ್ಕರೆ ಸುರಿದ ಚಹಾ ಹೀರುತ್ತಾ ಇವನು ಮಂತ್ರಿಯನ್ನೂ ಗದರುತ್ತಾನೆ: "ಈ ಗೇಟು ನಿಂಗೆ ತೆಗೆದಿದ್ದು ನನ್ನ ಹೋದ ಕಾಲು ಕಣೋ, ಅದಕ್ಕೊಂದು ಸಲಾಮು ಹೊಡ್ದು ಒಳಗೆ ಹೋಗು!" ಸ್ವಾತಂತ್ರ್ಯ ಬಂದ ದಿನ ಅವನು ಡಿಂಕಾ ಬುಡಕಟ್ಟಿನ ಗೆಳೆಯ ಮಬಿಯೋರನ ಹೆಗಲೇರಿ ಕುಣಿದಿದ್ದ, ಹುಡುಗನಾಗಿದ್ದಾಗ ಕೊಯ್ಯಿಸಿಕೊಂಡ, ತನ್ನ ನುವೇರ್ ಬುಡಕಟ್ಟಿನ ಗುರುತಾದ ಅಡ್ಡಗೆರೆಗಳು ಅವನ ಹಣೆಯಲ್ಲಿ ಬೆವರಿನಿಂದ ಹೊಳೆಯುತ್ತಿದ್ದವು. ಎರಡೇ ವರ್ಷದಲ್ಲಿ ನಮ್ಮ ಬಂದೂಕು ನಮ್ಮ ಕಡೆಗೇ ತಿರುಗಿತು. ಡಿಂಕಾ ಸೈನಿಕರು ಅದೇ ಗೆರೆ ನೋಡಿ ನುವೇರರನ್ನು ಮನೆಯಿಂದ ಎಳೆದು ಕೊಂದರು. ಮಬಿಯೋರ್ ಓಡಿ ಬಂದು ತನ್ನ ಟೋಪಿಯನ್ನು ಇವನ ಹುಬ್ಬಿನ ತನಕ ಎಳೆದು, "ತೆಗೀಬೇಡ್ವೋ ದಡ್ಡ, ಸಾಯ್ತೀಯ" ಅಂದ. ಇಂದು ಬಾವುಟದ ಮುಂದೆಯೂ ಚುವೋಲ್ ಆ ಟೋಪಿ ತೆಗೆಯುವುದಿಲ್ಲ. ಕೇಳಿದರೆ, ಜುಬಾದ ಸುಡುಬಿಸಿಲಲ್ಲಿ ನಿಂತು, "ತಲೆಗೆ ಚಳಿ ಕಣಯ್ಯ" ಅನ್ನುತ್ತಾನೆ. ಅಂದು ಅವನ ಜೊತೆ ಕುಣಿದು ಇಂದು ಅಧಿಕಾರದಲ್ಲಿ ಕೂತವರೇ, ಸಂಬಳ ಆಮೇಲೆ ಕೊಡಿ. ಮೊದಲು ಅವನು ಟೋಪಿ ತೆಗೆದು ನಿಲ್ಲುವಂಥ ದೇಶ ಕೊಡಿ.